ಜೋಪಾನ ಮಾಡಿ ಕೆಡಿಸಿದ ಫೋಟೋಗಳು

ಯಾರ ಮನೆಯಲ್ಲಾದರೂ ಹಳೆ ಫೋಟೋ ತೆಗೆಸಿ ನೋಡಿ. ದುಡ್ಡು ಕೊಟ್ಟು ತಂದ ಆಲ್ಬಮ್ಮಿಗೆ ಅಂಟಿಸಿ, ಮೇಲೆ ಪ್ಲಾಸ್ಟಿಕ್ ಹೊದೆಸಿ, ಬೀರುವಿನ ತಳದಲ್ಲಿ ರೇಷ್ಮೆ ಸೀರೆಗಳ ಅಡಿಗೆ ಜೋಪಾನ ಮಾಡಿಟ್ಟವು ಹಳದಿ ಬಿದ್ದು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಬಿಸ್ಕತ್ ಡಬ್ಬಿಗೆ ಸುರಿದು ಎಲ್ಲರೂ ಮರೆತುಬಿಟ್ಟವು ಮಾತ್ರ ಗಟ್ಟಿಮುಟ್ಟಾಗಿ ಕೂತಿರುತ್ತವೆ. ನನ್ನ ಈ ಸಿದ್ಧಾಂತವನ್ನು ಆಚೆಮನೆ ಅಕ್ಕನಿಗೆ ಹೇಳಿದ್ದೇ ತಡ, ದಾಸವಾಳದ ಬೇಲಿಯ ಆ ಕಡೆ ಬಟ್ಟೆ ಒಣಹಾಕುತ್ತಿದ್ದವರು ಬಕೆಟ್ ಬಿಟ್ಟು ಹತ್ತಿರ ಬಂದರು.

"ಹಂಗಾದ್ರೆ ನನ್ನ ಮದುವೆ ಆಲ್ಬಂ ಕತೆ ಎಂತ ಮಾರಾಯ್ತಿ? ಮಕ್ಕಳಿಗೂ ಮುಟ್ಟಕ್ಕೆ ಕೊಟ್ಟಿಲ್ಲ ನಾನು."

"ತೆಗೆದು ನೋಡಿ ಎಷ್ಟು ವರ್ಷ ಆಯ್ತು?"

ಅಕ್ಕ ಉತ್ತರ ಹೇಳಲಿಲ್ಲ. ಒಳಗೆ ಹೋಗಿ ಆಲ್ಬಂ ತಂದು ಬೇಲಿಯ ಮೇಲಿಂದ ದಾಟಿಸಿದರು. ಮೊದಲ ಪುಟ ಎತ್ತಿದರೆ ಎರಡನೆಯದೂ ಜೊತೆಗೇ ಬಂತು.

ನಮ್ಮದು ತೀರ್ಥಹಳ್ಳಿ ಸೀಮೆ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ, ಅದರಲ್ಲಿ ನಮ್ಮ ಪಾಲು ನಮಗೆ ಬಂದೇ ಬರುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಷ್ಟು, ಬೆಲ್ಟಿಗೂ ಬೂಷ್ಟು. ಫೋಟೋ ಇದಕ್ಕೆಲ್ಲ ಇನ್ನೂ ಬೇಗ ಒಲಿಯುತ್ತದೆ. ಏಕೆಂದರೆ ಚಿತ್ರ ಕೂತಿರುವುದು ಕಾಗದದ ಮೇಲೆ ಬಳಿದ ಜೆಲಟಿನ್ ಪದರದಲ್ಲಿ. ಜೆಲಟಿನ್ ಅಂದರೆ ದನಗಿನದ ಮೂಳೆ, ಚರ್ಮ ಬೇಯಿಸಿ ತೆಗೆದ ಅಂಟು. (ಮಡಿಯುಟ್ಟು ಅಡುಗೆ ಮಾಡುತ್ತಿದ್ದ ನಮ್ಮ ಅಜ್ಜಿಯಂದಿರಿಗೆ ಇದು ತಿಳಿದಿದ್ದರೆ ದೇವರ ಕೋಣೆಯ ಗೋಡೆಗೆ ಒಂದು ಫೋಟೋ ಏರಲು ಬಿಡುತ್ತಿರಲಿಲ್ಲ.) ಥಂಡಿ ಹಿಡಿದರೆ ಆ ಪದರ ಉಬ್ಬುತ್ತದೆ, ಮೆದುವಾಗುತ್ತದೆ, ಎದುರಿಗೆ ಸಿಕ್ಕಿದ್ದಕ್ಕೆ ಅಂಟಿಕೊಳ್ಳುತ್ತದೆ. ಬೂಷ್ಟಿಗೂ, ಪುಸ್ತಕ ತಿನ್ನುವ ಬೆಳ್ಳಿ ಬಣ್ಣದ ಹುಳಕ್ಕೂ ಅದು ಹಬ್ಬದೂಟ.

ಇಷ್ಟು ಸಾಲದು ಎಂಬಂತೆ ಎಂಬತ್ತರ ದಶಕದ ಹೊತ್ತಿಗೆ ಪೇಟೆಗೆ ಅಂಟಿನ ಆಲ್ಬಂ ಬಂತು. ದಪ್ಪ ರಟ್ಟಿನ ಹಾಳೆ, ಅದರ ಮೇಲೆ ಸಾಲಾಗಿ ಅಂಟಿನ ಗೆರೆ, ಮೇಲೊಂದು ಪಾರದರ್ಶಕ ಪ್ಲಾಸ್ಟಿಕ್. ಫೋಟೋ ಇಟ್ಟು ಹಾಳೆ ಒತ್ತಿದರೆ ಮುಗಿಯಿತು. ಎಷ್ಟು ಸಲೀಸು ಅಂತ ಎಲ್ಲರಿಗೂ ಖುಷಿಯೋ ಖುಷಿ. ಅದಕ್ಕೂ ಹಿಂದಿನ ಆಲ್ಬಮ್ಮುಗಳನ್ನು ನೆನಪಿಸಿಕೊಳ್ಳಿ: ಕಪ್ಪು ಹಾಳೆ, ನಾಲ್ಕು ಮೂಲೆಗೆ ನಾಲ್ಕು ಪುಟ್ಟ ಕಾಗದದ ಮೂಲೆ, ಪುಟಗಳ ನಡುವೆ ತೆಳ್ಳನೆಯ ಬಟರ್ ಪೇಪರ್. ಅವನ್ನು ಜೋಡಿಸಲು ತಾಳ್ಮೆ ಬೇಕಿತ್ತು. ಆದರೆ ಫೋಟೋದ ಮೈಗೆ ಒಂದು ಹನಿ ಅಂಟೂ ತಾಗುತ್ತಿರಲಿಲ್ಲ. ಹೊಸ ಆಲ್ಬಮ್ಮಿನ ಅಂಟು ವರ್ಷ ಕಳೆದಂತೆ ಹಳದಿಯಾಗಿ ಫೋಟೋದ ಬೆನ್ನಿಗೆ ಇಳಿಯಿತು. ಕೆಲವು ಫೋಟೋ ಜನ್ಮಕ್ಕೂ ಬಿಡದಂತೆ ಹಿಡಿದುಕೊಂಡವು, ಕೆಲವು ಪುಟ ಎತ್ತಿದ ಕೂಡಲೇ ಉದುರಿದವು. ಮೇಲಿನ ಹಾಳೆ ಪಿವಿಸಿಯದಾಗಿದ್ದರೆ ಅದರದ್ದು ಬೇರೆಯೇ ಕಾಟ. ಮೃದುವಾಗಲೆಂದು ಅದಕ್ಕೆ ಬೆರೆಸಿದ ರಾಸಾಯನಿಕ ನಿಧಾನಕ್ಕೆ ಹೊರಗೆ ಬಂದು ಫೋಟೋವನ್ನು ಕೆಡಿಸುತ್ತದೆ. ಆಲ್ಬಂ ತೆರೆದ ತಕ್ಷಣ ಪ್ಲಾಸ್ಟಿಕ್ಕಿನ ಘಾಟು ಮೂಗಿಗೆ ಹೊಡೆದರೆ ಫೋಟೋಗಳನ್ನು ಅಲ್ಲಿಂದ ಬಿಡಿಸುವ ಕಾಲ ಬಂದಿದೆ ಅಂತ ತಿಳಿಯಿರಿ.

"ಬಿಡಿಸೋದು ಹೆಂಗೆ? ಎಳೆದ್ರೆ ನನ್ನ ಗಂಡನ ಮುಖ ಅಲ್ಲೇ ಉಳೀತದೆ."

ಎಳೆಯಲೇ ಬಾರದು. ಮೊದಲು ಆ ಪುಟವನ್ನು ಹಾಗೇ ಮೊಬೈಲಿನಲ್ಲಿ ಹಿಡಿದಿಡಬೇಕು, ಏನಾದರೂ ಹೆಚ್ಚುಕಮ್ಮಿ ಆದರೆ ನಕಲಾದರೂ ಇರುತ್ತದೆ. ಆಮೇಲೆ ಹಲ್ಲಿನ ಸಂದಿ ಶುಚಿ ಮಾಡುವ ಫ್ಲಾಸ್ ದಾರ ಮೆಡಿಕಲ್ ಶಾಪಿನಲ್ಲಿ ಸಿಗುತ್ತದಲ್ಲ, ಅದನ್ನು ಎರಡು ಕೈಯಲ್ಲಿ ಬಿಗಿಹಿಡಿದು ಫೋಟೋದ ಮೂಲೆಯಿಂದ ಅಡಿಗೆ ತೂರಿಸಿ, ಗರಗಸ ಆಡಿಸಿದಂತೆ ಮೆಲ್ಲಗೆ ಆಚೀಚೆ ಆಡಿಸುತ್ತ ಹೋಗಬೇಕು. ಬಹಳಷ್ಟು ಬಿಡುತ್ತವೆ. ಬಿಡದ್ದನ್ನು ಪೀಡಿಸಬಾರದು. ಪ್ಲಾಸ್ಟಿಕ್ ಸರಿಸಿ, ಹಿಂದಿನ ರಟ್ಟಿನ ಸಮೇತ ಕತ್ತರಿಸಿ ಇಟ್ಟುಕೊಂಡರಾಯಿತು. ಬೂಷ್ಟು ಹಿಡಿದಿದ್ದರೆ ಒದ್ದೆ ಬಟ್ಟೆ ತಾಗಿಸಲೇಬೇಡಿ. ಫ್ಯಾನಿನ ಗಾಳಿಗೆ, ನೆರಳಲ್ಲಿ ಒಣಗಿಸಿ ಮೆತ್ತನೆ ಬ್ರಷ್ಷಿನಲ್ಲಿ ಸವರಿ.

"ಹಲ್ಲಿನ ದಾರದಲ್ಲಿ ಫೋಟೋ ಕೀಳದಾ! ಯಾರಿಗಾದ್ರೂ ಹೇಳಿದ್ರೆ ನಗ್ತಾರೆ" ಅಂದರು ಅಕ್ಕ. ನಗಲಿ ಬಿಡಿ.

ಪುಟ ತಿರುವುತ್ತ ಅವರಿಗೆ ಇನ್ನೊಂದು ದುಃಖ ಶುರುವಾಯಿತು. ಅವರ ಮದುವೆಯ ಕಲರ್ ಫೋಟೋಗಳೆಲ್ಲ ಕೆಂಪಗಾಗಿವೆ. ಅವರ ಅತ್ತೆಯ ಮದುವೆಯ ಕಪ್ಪು-ಬಿಳುಪು ಫೋಟೋ ಇವತ್ತಿಗೂ ಸ್ಪಷ್ಟ. ಇದರಲ್ಲಿ ಅಕ್ಕನ ತಪ್ಪಿಲ್ಲ. ಕಪ್ಪು-ಬಿಳುಪಿನಲ್ಲಿ ಚಿತ್ರ ಮೂಡಿಸುವುದು ಬೆಳ್ಳಿಯ ಕಣ. ಕಲರಿನಲ್ಲಿ ಉಳಿಯುವುದು ಬರೀ ಬಣ್ಣ: ಹಳದಿ, ಮೆಜೆಂಟಾ, ಸಯಾನ್. ಎಪ್ಪತ್ತು-ಎಂಬತ್ತರ ದಶಕದ ಎಷ್ಟೋ ಕಾಗದಗಳಲ್ಲಿ ಕತ್ತಲೆಯಲ್ಲಿಟ್ಟರೂ ಸಯಾನ್ ಅನ್ನುವ ಆ ಹಸಿರು-ನೀಲಿ ಪದರ ಮೊದಲು ಮಾಸುತ್ತಿತ್ತು. ಅದು ಹೋದ ಮೇಲೆ ಉಳಿದದ್ದು ಕೆಂಪು. ನಕಲು ತೆಗೆದು ಮೊಬೈಲಿನಲ್ಲೇ ಬಣ್ಣವನ್ನು ಒಂದಿಷ್ಟು ತಿದ್ದಬಹುದು, ಮೂಲ ಮಾತ್ರ ಇನ್ನು ಹಾಗೆಯೇ. ಅತ್ತೆ-ಸೊಸೆಯ ಲೆಕ್ಕದಲ್ಲಿ ಅತ್ತೆಗೆ ಇನ್ನೊಂದು ಅಂಕ ಅಂತ ನಾನು ಬಾಯಿಬಿಟ್ಟು ಹೇಳಲಿಲ್ಲ.

ಜೋಪಾನದ ಇನ್ನೊಂದು ಹೆಸರು ಲ್ಯಾಮಿನೇಶನ್. ತಾಲೂಕು ಪೇಟೆಯ ಜೆರಾಕ್ಸ್ ಅಂಗಡಿಗೆ ಆ ಯಂತ್ರ ಬಂದದ್ದೇ ಬಂದದ್ದು, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಿಂದ ಹಿಡಿದು ಜಾತಕದವರೆಗೆ ಎಲ್ಲಕ್ಕೂ ಪ್ಲಾಸ್ಟಿಕ್ ಅಂಗಿ ತೊಡಿಸಿದೆವು. ಅಜ್ಜನ ಇದ್ದೊಂದು ಫೋಟೋವನ್ನೂ ಆ ಬಿಸಿ ರೋಲರಿನ ನಡುವೆ ತೂರಿಸಿದ ಮನೆಗಳು ನಮ್ಮ ಬೀದಿಯಲ್ಲೇ ಇವೆ. ಆ ಶಾಖ ಹಳೆ ಫೋಟೋಗೆ ಒಗ್ಗುವುದಿಲ್ಲ. ಮೇಲೆ ಕರಗಿ ಕೂತ ಅಂಟು ಮತ್ತೆ ಬಿಡುವುದೂ ಇಲ್ಲ. ಅಂಚು ಸ್ವಲ್ಪ ಬಾಯಿಬಿಟ್ಟರೆ ಸಾಕು, ಒಳಗೆ ಹೋದ ಥಂಡಿ ಅಲ್ಲೇ ಬಿಡಾರ ಹೂಡುತ್ತದೆ. ನಕಲು ಪ್ರತಿಗೆ ಏನು ಬೇಕಾದರೂ ಮಾಡಿ. ಮೂಲವನ್ನು ಮಾತ್ರ ಆ ಯಂತ್ರಕ್ಕೆ ತಿನ್ನಿಸಬೇಡಿ.

ಗೋಡೆಯ ಕಟ್ಟಿನ ಫೋಟೋಗಳದ್ದೂ ಇದೇ ಹಾಡು. ಗಾಜಿಗೆ ತಾಗಿಸಿಯೇ ಕಟ್ಟು ಹಾಕುತ್ತಾರೆ, ಮಳೆ ಹೊಡೆಯುವ ಗೋಡೆಗೇ ನೇತು ಹಾಕುತ್ತಾರೆ, ಹತ್ತು ಮಳೆಗಾಲಕ್ಕೆ ಮುತ್ತಜ್ಜಿ ಗಾಜಿಗೆ ಅಂಟಿರುತ್ತಾರೆ. ಬಿಡಿಸಲು ಹೋಗದೆ ಗಾಜಿನ ಮೇಲಿಂದಲೇ, ಬೆಳಕು ಪ್ರತಿಫಲಿಸದ ಕೋನದಲ್ಲಿ ನಕಲು ತೆಗೆದುಕೊಳ್ಳಿ. ಹೊಸ ಕಟ್ಟು ಹಾಕಿಸುವಾಗ ಗಾಜಿಗೂ ಫೋಟೋಗೂ ನಡುವೆ ರಟ್ಟಿನ ಅಂಚು ಕೊಡಲು ಹೇಳಿ, ಒಳಗೋಡೆಗೆ ತೂಗುಹಾಕಿ.

ಹಾಗಾದರೆ ಬಿಸ್ಕತ್ ಡಬ್ಬಿಯ ಗುಟ್ಟೇನು? ಅಕ್ಕನ ಮನೆಯ ಡಬ್ಬಿಯಲ್ಲಿ ಅಗ್ಫಾ ಕ್ಲಿಕ್-3 ಕ್ಯಾಮೆರಾದ ಚೌಕಾಕಾರದ ಪುಟ್ಟ ಫೋಟೋಗಳಿವೆ. ಬಡೋದೆಯಲ್ಲಿ ತಯಾರಾಗುತ್ತಿದ್ದ ಆ ಕರಿ ಡಬ್ಬ ಒಂದು ಕಾಲಕ್ಕೆ ಎಷ್ಟೋ ಮನೆಗಳ ಮೊದಲ ಕ್ಯಾಮೆರಾ. 120 ಸೈಜಿನ ರೀಲು, ಒಂದು ರೀಲಿಗೆ 12 ಫೋಟೋ. ಬಿಸಿಲಿಗೆ ಒಂದು ಗುರುತು, ಮೋಡಕ್ಕೆ ಒಂದು ಗುರುತು, ಅಷ್ಟೇ ವಿದ್ಯೆ. ಆ ಫೋಟೋಗಳಿಗೆ ಯಾರೂ ಅಂಟು ಹಚ್ಚಲಿಲ್ಲ, ಬಿಸಿಲು ತೋರಿಸಲಿಲ್ಲ, ಪ್ಲಾಸ್ಟಿಕ್ ಹೊದೆಸಲಿಲ್ಲ. ಮಕ್ಕಳು ಆಗಾಗ ಸುರಿದು ನೋಡಿದ್ದರಿಂದ ಗಾಳಿಯೂ ಆಡಿತು. ಡಬ್ಬಿಗೆ ತುಕ್ಕು ಹಿಡಿಯದಿದ್ದರೆ ಅದಕ್ಕಿಂತ ಸುಲಭದ ಆಲ್ಬಂ ಇನ್ನೊಂದಿಲ್ಲ.

"ಆದ್ರೂ ಬಂದವರಿಗೆ ತೋರಿಸಕ್ಕೆ ಒಂದು ಆಲ್ಬಂ ಬೇಕಲ್ದಾ?"

ಬೇಕು. ಜೇಬಿನಂಥ ಪಾಕೀಟುಗಳಿರುವ ಆಲ್ಬಂ ತನ್ನಿ, 4×6 ಫೋಟೋ ತೂರಿಸುವಂಥದ್ದು. ಹಾಳೆ ಪಾಲಿಪ್ರೊಪಿಲೀನಿನದಾಗಿರಲಿ, ಅದಕ್ಕೆ ಘಾಟಿಲ್ಲ. ಇದರಷ್ಟು ಬೇಗ ಆಗುವ ಕೆಲಸ ಬೇರೆ ಇಲ್ಲ, ಬೇಡವೆನಿಸಿದರೆ ಹೊರಗೆ ತೆಗೆಯುವುದೂ ಅಷ್ಟೇ ಸಲೀಸು. ಕ್ಲಿಕ್-3ರ ಚೌಕ ಫೋಟೋ ಪಾಕೀಟಿನಲ್ಲಿ ಜಾರಾಡುತ್ತದೆ. ಅದಕ್ಕೊಂದು ಉಪಾಯ ಇದೆ. ಒಳ್ಳೆಯ ಬಿಳಿ ಕಾಗದದ ಲಕೋಟೆಯ ಮೂಲೆಗಳನ್ನು ತ್ರಿಕೋನವಾಗಿ ಕತ್ತರಿಸಿದರೆ ಫೋಟೋ ಮೂಲೆ ಸಿದ್ಧ. ಅದನ್ನು ಫೋಟೋದ ನಾಲ್ಕು ಮೂಲೆಗೆ ತೊಡಿಸಿ, ಅಂಟನ್ನು ತ್ರಿಕೋನದ ಬೆನ್ನಿಗೆ ಮಾತ್ರ ಹಚ್ಚಿ 4×6 ಕಾರ್ಡಿಗೆ ಕೂರಿಸಿ, ಕಾರ್ಡನ್ನು ಪಾಕೀಟಿಗೆ ತೂರಿಸಿ. ಕಾರ್ಡಿನ ಖಾಲಿ ಜಾಗದಲ್ಲಿ ಹೆಸರೂ ಬರೆಯಬಹುದು. ಆಲ್ಬಮ್ಮನ್ನು ಅಟ್ಟಕ್ಕೂ ಹಾಕಬೇಡಿ, ನೆಲಕ್ಕೂ ಇಡಬೇಡಿ. ಒಳಕೋಣೆಯ ಬೀರುವಿನ ನಡುವಿನ ಖಾನೆ, ಜೊತೆಗೆ ಸಿಲಿಕಾ ಜೆಲ್ಲಿನ ಒಂದೆರಡು ಪುಟ್ಟ ಪೊಟ್ಟಣ, ಸಾಕು. ನೆಗೆಟಿವ್‌ಗಳಿದ್ದರೆ ಬೇರೆ ಕಾಗದದ ಕವರಿನಲ್ಲಿ, ಬೇರೆ ಜಾಗದಲ್ಲಿ. ಅವುಗಳಲ್ಲಿ ವಿನೆಗರಿನಂಥ ಹುಳಿ ವಾಸನೆ ಎದ್ದರೆ ಆ ಫಿಲ್ಮ್ ಕೆಡಲು ಶುರುವಾಗಿದೆ, ಉಳಿದವುಗಳಿಂದ ದೂರ ಇಡಿ.

ಒಂದೇ ಭಾನುವಾರ ಕೂತು ಮನೆಯ ಫೋಟೋ ಎಲ್ಲ ಮುಗಿಸುತ್ತೇನೆ ಅಂತ ಹೊರಟವರು ಮುಗಿಸಿದ್ದನ್ನು ನಾನು ಕಂಡಿಲ್ಲ. ನಾಲ್ಕನೇ ಫೋಟೋಗೆ ಕತೆ ಶುರುವಾಗುತ್ತದೆ, ಆರನೆಯದಕ್ಕೆ ಹಳೆ ಜಗಳ. ಸಂಜೆ ಧಾರಾವಾಹಿ ನೋಡುತ್ತ ಒಂದು ಹಿಡಿ ತೆಗೆದುಕೊಳ್ಳಿ, ಅಷ್ಟನ್ನೇ ತೂರಿಸಿ ಎದ್ದುಬಿಡಿ. ತಾರೀಖಿನ ಕ್ರಮ, ವಯಸ್ಸಿನ ಕ್ರಮ ಅಂತ ಹಟ ಹಿಡಿದರೆ ಕೆಲಸ ಅಲ್ಲೇ ನಿಲ್ಲುತ್ತದೆ. ಅಮ್ಮನ ಕಡೆಯವರು ಒಂದು ಆಲ್ಬಂ, ಅಪ್ಪನ ಕಡೆಯವರು ಒಂದು ಆಲ್ಬಂ, ಸದ್ಯಕ್ಕೆ ಇಷ್ಟೇ ವಿಂಗಡಣೆ ಸಾಕು.

ಅವಸರ ಇರುವುದು ಹೆಸರಿಗೆ. ಅಕ್ಕನ ಅತ್ತೆಗೆ ತೊಂಬತ್ತರ ಹತ್ತಿರ. ಜಗಲಿಯಲ್ಲಿ ಕೂತವರ ಕೈಗೆ ಒಂದು ಗ್ರೂಪ್ ಫೋಟೋ ಕೊಟ್ಟೆವು. ಅಂಗಳದಲ್ಲಿ ಏಳೆಂಟು ಗಂಡಸರು, ಮೂಲೆಯಲ್ಲಿ ಒಂದು ಹಸು. ಅವರು ಕನ್ನಡಕ ಏರಿಸಿ, "ಇದು ಕಪಿಲೆ. ಒದೀತಿರ್ಲಿಲ್ಲ, ಬಂಗಾರದಂಥ ದನ" ಅಂದರು. ಆ ಗಂಡಸರು ಯಾರು ಅಂದರೆ, "ಎಂತದೋ, ಊಟಕ್ಕೆ ಬಂದವರು." ಒಂದೊಂದಾಗಿ ಕೇಳುತ್ತ ಹೋದ ಮೇಲೆ ಒಬ್ಬರು ಅವರ ಸೋದರಮಾವ, ಇನ್ನೊಬ್ಬರು ಜಮೀನಿನ ವ್ಯಾಜ್ಯದಲ್ಲಿ ಮಾತು ಬಿಟ್ಟ ದಾಯಾದಿ ಅಂತ ಹೊರಬಿತ್ತು. ಆ ದಾಯಾದಿಯ ಫೋಟೋ ಬೇರೆ ಯಾರ ಮನೆಯಲ್ಲೂ ಇಲ್ಲದಿರಬಹುದು.

ಹಿರಿಯರ ಎದುರು ಪೆನ್ನು ಹಿಡಿದು ಕೂತರೆ ಅವರು ಜನಗಣತಿಯವರು ಬಂದಂತೆ ಬಿಗುವಾಗುತ್ತಾರೆ. ಮೊಬೈಲಿನ ರೆಕಾರ್ಡರ್ ಒತ್ತಿ ಪಕ್ಕಕ್ಕಿಟ್ಟು ಮಾತಾಡಿಸಿ, ಬರೆಯುವುದು ಆಮೇಲೆ. ಫೋಟೋದ ಬೆನ್ನಿಗೆ ಬಾಲ್‌ಪೆನ್ ಬೇಡ, ಒತ್ತಿದ ಗೆರೆ ಮುಂದಕ್ಕೆ ಮೂಡುತ್ತದೆ. ಹಳೆ ಕಾಗದದ ಪ್ರಿಂಟಿಗೆ ಮೆತ್ತನೆ ಪೆನ್ಸಿಲ್. ನುಣುಪು ಕಲರ್ ಪ್ರಿಂಟಿಗೆ ಪೆನ್ಸಿಲ್ ಹಿಡಿಯುವುದಿಲ್ಲ, ಒಂದು ಚೀಟಿ ಬರೆದು ಪಾಕೀಟಿನಲ್ಲಿ ಹಿಂದೆ ತೂರಿಸಿಬಿಡಿ. ಇಸವಿ ಗೊತ್ತಾಗದಿದ್ದರೆ ಬೆನ್ನ ಮೇಲೆ ಸ್ಟುಡಿಯೋ ಮೊಹರು ಇದೆಯಾ, ಗೋಡೆಯಲ್ಲಿ ಕ್ಯಾಲೆಂಡರ್ ಇದೆಯಾ, ತೊಡೆಯ ಮೇಲಿನ ಕೂಸು ಯಾರು ಅಂತ ನೋಡಿ. ಈ ಕೂಸಿನ ಲೆಕ್ಕ ತಪ್ಪುವುದೇ ಇಲ್ಲ.

ನಮ್ಮ ಮನೆಯ ಫೋಟೋ ಯಾರಿಗೆ ಬೇಕು ಅನ್ನುವವರಿಗೆ ಒಂದು ಮಾತು. ಅನುಷಾ ಯಾದವ್ 2010ರಲ್ಲಿ ಶುರುಮಾಡಿದ ಇಂಡಿಯನ್ ಮೆಮೊರಿ ಪ್ರಾಜೆಕ್ಟ್ ನಿಂತಿರುವುದೇ ಇಂಥ ಮನೆಮನೆಯ ಫೋಟೋ ಮತ್ತು ಅವುಗಳ ಹಿಂದಿನ ಕತೆಗಳ ಮೇಲೆ. ಕತೆ ಹೇಳಲು ಹೆಸರು ಬೇಕಲ್ಲ.

ನಕಲಿನ ಮಾತು ಬೇಗ ಮುಗಿಸುತ್ತೇನೆ. ಸ್ಕ್ಯಾನರ್ ಸಿಕ್ಕರೆ 600 ಡಿಪಿಐಗೆ ಇಡಿ. 4×6 ಫೋಟೋ 3600×2400 ಪಿಕ್ಸೆಲ್ ಆಗುತ್ತದೆ, ದೊಡ್ಡದು ಮಾಡಿಸಲೂ ಸಾಕು. ಇಲ್ಲದಿದ್ದರೆ ಕಿಟಕಿಯ ಪಕ್ಕ, ಫ್ಲ್ಯಾಷ್ ಆರಿಸಿ ಮೊಬೈಲಿನಲ್ಲೇ ತೆಗೆಯಿರಿ. ಬಂಧುಗಳಿಗೆ ಕಳಿಸುವಾಗ ವಾಟ್ಸ್ಆಪಿನಲ್ಲಿ ಫೋಟೋ ಅಂತ ಕಳಿಸಿದರೆ ಅದು ಹಿಂಡಿ ಸಣ್ಣದು ಮಾಡುತ್ತದೆ; ಡಾಕ್ಯುಮೆಂಟ್ ಅಂತ ಕಳಿಸಿ. ಪ್ರತಿ ಎರಡು ಕಡೆ ಇರಲಿ, ಅದರಲ್ಲಿ ಒಂದು ಬೇರೆ ಊರಿನಲ್ಲಿರುವ ಮಕ್ಕಳ ಹತ್ತಿರ.

"ಹಳೇದು ಸರಿ. ಮೊಮ್ಮಗನ ಫೋಟೋ ಮೊಬೈಲಲ್ಲಿ ಸಾವಿರಗಟ್ಟಲೆ ಇದಾವಲ್ಲ, ಅದಕ್ಕೆ ಎಂತ ಮಾಡೋದು?"

ಅದಕ್ಕೆ ನನ್ನದು ರೀಲಿನ ಲೆಕ್ಕ. 35 ಎಂಎಂ ರೀಲಿನಲ್ಲಿ 36 ಫೋಟೋ ಇರುತ್ತಿತ್ತು. ಜಾಣ ಕೈ ಹಾಕಿದರೆ 37, 38ನೆಯದೂ ಬರುತ್ತಿತ್ತು. ವರ್ಷದ ಕೊನೆಗೆ ಸಾವಿರದಲ್ಲಿ 36 ಆರಿಸಿ ಪ್ರಿಂಟ್ ಹಾಕಿಸಿ, ಒಂದು ಪುಟ್ಟ ಪಾಕೀಟ್ ಆಲ್ಬಮ್ಮಿಗೆ ತೂರಿಸಿ, ಬೆನ್ನಿಗೆ ಇಸವಿ ಬರೆಯಿರಿ. ಆರಿಸುವಾಗ ಜಗಳವಾಗುತ್ತದೆ, ಆಗಲಿ. ಈಗಿನ ಮದುವೆಗಳ ಕರಿಜ್ಮಾ ಆಲ್ಬಮ್ಮಿಗಿಂತ ಇದು ಎಷ್ಟೋ ಮೇಲು. ಅದನ್ನು ಎತ್ತಲು ಇಬ್ಬರು ಬೇಕು, ಪುಟದ ತುಂಬ ಮೋಡದ ಮೇಲೆ ಮದುಮಗಳ ಮುಖ ತೇಲುತ್ತಿರುತ್ತದೆ, ಒಂದು ಫೋಟೋ ಬಿಡಿಸಿ ಕೊಡಿ ಅಂದರೆ ಬಿಡಿಸಲು ಬರುವುದಿಲ್ಲ. ಬಂದ ನೆಂಟರು ಸೌಜನ್ಯಕ್ಕೆ ಒಮ್ಮೆ ತಿರುವಿ ಹಾಕಿ ಕಾಫಿಯ ಕಡೆ ಕೈಚಾಚುತ್ತಾರೆ.

ಮಳೆಗಾಲ ಹಿಡಿಯುವುದರೊಳಗೆ ನಿಮ್ಮನೆ ಬೀರುವಿನ ತಳದ ಆಲ್ಬಮ್ಮನ್ನು ಒಮ್ಮೆ ಹೊರಗೆ ತೆಗೆಯಿರಿ. ಮನೆಯ ಹಿರಿಯರನ್ನು ಪಕ್ಕಕ್ಕೆ ಕೂರಿಸಿಕೊಂಡು ಮೊದಲು ಹೆಸರು ಕೇಳಿಕೊಳ್ಳಿ. ಹೊಸ ಆಲ್ಬಮ್ಮನ್ನು ಆಮೇಲೆ ಕೊಂಡರೂ ನಡೆಯುತ್ತದೆ.