ಬಿಟ್ಟಸ್ವಾಮಿ

ಸರ್ವಿಸ್ ರಿಜಿಸ್ಟರಿನಲ್ಲಿ ಅವರ ಹೆಸರು ಪುಟ್ಟಸ್ವಾಮಿ. ಮೈಸೂರಿನ ನಮ್ಮ ಕಚೇರಿಯಲ್ಲಿ ಆ ಹೆಸರು ಹಿಡಿದು ವಿಚಾರಿಸಿದರೆ ಜವಾನ ಕೂಡ ಒಂದು ಗಳಿಗೆ ತಲೆ ಕೆರೆದುಕೊಳ್ಳುತ್ತಾನೆ. ಎಲ್ಲರಿಗೂ ಅವರು ಬಿಟ್ಟಸ್ವಾಮಿ. ಏನು ಬಿಟ್ಟರು ಅಂತ ಕೇಳಿದರೆ ಹೇಳುತ್ತಾರೆ, ಕೇಳದಿದ್ದರೂ ಹೇಳುತ್ತಾರೆ. “ನಾನು ಸಿಗರೇಟು ಬಿಟ್ಬಿಟ್ಟೆ ಸಾರ್.” ಹಾಗಂದವರೇ ಬಲಗೈಯ ಎರಡು ಬೆರಳನ್ನು ಕತ್ತರಿಯಂತೆ ಅಗಲಿಸಿ ನಮ್ಮ ಮುಂದೆ ಚಾಚುತ್ತಾರೆ. ಆ ಕತ್ತರಿಗೆ ಒಂದು ಸಿಗರೇಟು ಸಿಕ್ಕಿಸುವುದು ನಮ್ಮ ಕೆಲಸ.

ಅವರ ಪ್ರಕಾರ ಬಿಡುವುದೆಂದರೆ ಕೊಳ್ಳುವುದನ್ನು ಬಿಡುವುದು. “ಜೇಬಲ್ಲಿ ಪ್ಯಾಕು ಇಟ್ಕೊಂಡೋನು ಸೇದೋನು ಸಾರ್. ನನ್ ಜೇಬು ನೋಡಿ ಬೇಕಾದ್ರೆ.” ನೋಡಿದ್ದೇನೆ. ಬಸ್ ಪಾಸು, ಮಡಿಸಿದ ಕರವಸ್ತ್ರ, ಜೀರಿಗೆ ಪೆಪ್ಪರಮೆಂಟು. ಕರ್ನಾಟಕದಲ್ಲಿ ಬಿಡಿ ಸಿಗರೇಟು ಮಾರಬಾರದೆಂದು 2017ರಲ್ಲಿ ಸರಕಾರ ಆದೇಶ ಮಾಡಿದಾಗ ಹೆಚ್ಚು ಸಂತೋಷಪಟ್ಟವರು ಇವರೇ. “ಬಿಡಿ ಕೊಳ್ಳೋ ಹಾಗಿಲ್ಲ, ಪ್ಯಾಕು ಕೊಂಡ್ರೆ ಬಿಟ್ಟ ಹಾಗಲ್ಲ. ಸರಕಾರವೇ ನನ್ನ ನಿಮ್ಮ ಹತ್ರ ಕಳಿಸ್ತಾ ಇದೆ” ಎಂದು ಬೆರಳು ಚಾಚಿದರು. ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ಇದ್ದ 200 ರೂಪಾಯಿ ದಂಡ ನಮ್ಮ ರಾಜ್ಯದಲ್ಲಿ 1000ಕ್ಕೆ ಏರಿದ ಸುದ್ದಿಯನ್ನು ಪೇಪರಿನಲ್ಲಿ ತೋರಿಸಿದೆ. ಅವರು ಸಾವಧಾನವಾಗಿ ಹೊಗೆ ಬಿಟ್ಟು, “ನಂಗೇನು ಸಾರ್? ಸಿಗರೇಟು ನಿಮ್ದು” ಎಂದರು.

ನಾನು ಲೆಕ್ಕಪತ್ರ ಶಾಖೆಯವನು. ಕೊಟ್ಟದ್ದನ್ನು ಬರೆದಿಡದಿದ್ದರೆ ನಿದ್ದೆ ಬರುವುದಿಲ್ಲ. ಹಾಗಾಗಿ ಡೈರಿಯ ಕೊನೆಯ ಪುಟದಲ್ಲಿ ಏಪ್ರಿಲ್ 1ರಿಂದ ಬಿಟ್ಟಸ್ವಾಮಿಯವರ ಹೆಸರಿಗೊಂದು ಖಾತೆ ತೆರೆದೆ. ಒಂದು ಸಿಗರೇಟಿಗೆ ಒಂದು ಗೀಟು.

ಅವರು ಬಿಡುವ ದಿನಗಳಿಗೆ ಒಂದು ಪಂಚಾಂಗವೇ ಇದೆ. ಜನವರಿ 1, ಶಿವರಾತ್ರಿ, ಯುಗಾದಿ, ಮೇ 31ರ ತಂಬಾಕು ರಹಿತ ದಿನ, ಗಾಂಧಿ ಜಯಂತಿ. ಮಧ್ಯೆ ಮಗಳ ಹುಟ್ಟುಹಬ್ಬ. ಪ್ರತಿ ಸಲವೂ ಹಿಂದಿನ ಸಂಜೆ “ಕೊನೇ ಸಿಗರೇಟು” ಎಂಬ ಸಮಾರಂಭ. ಗೂಡಂಗಡಿಯ ಕಂಬಕ್ಕೆ ಕಟ್ಟಿದ ತೆಂಗಿನ ನಾರಿನ ಹಗ್ಗದ ಕಿಡಿಗೆ ಬಗ್ಗಿ, ಕಣ್ಣು ಮುಚ್ಚಿ, ಕೆನ್ನೆ ಗುಳಿ ಬೀಳುವಂತೆ ಎಳೆದು, ಫಿಲ್ಟರಿನ ಅಂಚು ಕಂದುವವರೆಗೆ ಸೇದಿ, ಮೋಟನ್ನು ಚಪ್ಪಲಿಯಲ್ಲಿ ಹೊಸಕಿ, “ಆಯ್ತು, ಇಲ್ಲಿಗೆ ಮುಗೀತು” ಎನ್ನುವಾಗ ಗಂಟಲು ಗದ್ಗದವಾಗುತ್ತದೆ. ಅಂಗಡಿಯವನಿಗೆ ಮಾತ್ರ ಮರುಕವಿಲ್ಲ. “ನಾಳೆ ಎಷ್ಟೊತ್ತಿಗೆ ಬರ್ತೀರಿ ಸ್ವಾಮಿ?” ಎನ್ನುತ್ತಾನೆ.

ಒಮ್ಮೆ ಹೆಂಡತಿಯ ಒತ್ತಾಯಕ್ಕೆ ಡಾಕ್ಟರ ಬಳಿ ಹೋದರು. ನಿಕೋಟಿನ್ ಗಮ್ ಬರೆದುಕೊಟ್ಟ ಡಾಕ್ಟರು ಕ್ರಮವನ್ನೂ ಹೇಳಿದ್ದರು: ನಿಧಾನ ಅಗಿಯಿರಿ, ನಾಲಿಗೆ ಚುರುಗುಟ್ಟಿದ ಕೂಡಲೇ ನಿಲ್ಲಿಸಿ ಕೆನ್ನೆಯ ಮೂಲೆಗೆ ಒತ್ತರಿಸಿಟ್ಟುಕೊಳ್ಳಿ, ಚುರುಕು ಇಳಿದ ಮೇಲೆ ಮತ್ತೆ ಅಗಿಯಿರಿ, ಹೀಗೆ ಅರ್ಧ ಗಂಟೆ. ಗಮ್ ಹಾಕುವ ಕಾಲು ಗಂಟೆ ಮುಂಚಿನಿಂದ, ಬಾಯಲ್ಲಿರುವಷ್ಟು ಹೊತ್ತೂ ಕಾಫಿ ಟೀ ಕೂಡದು. ಆ ಹುಳಿಗೆ ಬಾಯಿಯ ಚರ್ಮ ನಿಕೋಟಿನ್ ಹೀರುವುದಿಲ್ಲ. ಇವರು ಮಕ್ಕಳ ಬಬಲ್ ಗಮ್ಮಿನ ಹಾಗೆ ಕಚಕಚ ಅಗಿದು ರಸವೆಲ್ಲ ನುಂಗಿದರು. ಅವತ್ತು ಸಾಹೇಬರ ಮೀಟಿಂಗು. ಸಾಹೇಬರು “ಈ ತಿಂಗಳ ಪ್ರಗತಿ...” ಎಂದಾಗ ಬಿಟ್ಟಸ್ವಾಮಿ “ಹಿಕ್” ಎಂದರು. “ಬಾಕಿ ಕಡತಗಳು...” “ಹಿಕ್.” ಹನ್ನೊಂದನೇ ಬಿಕ್ಕಳಿಕೆಗೆ ಸಾಹೇಬರೇ ನೀರಿನ ಲೋಟ ಮುಂದೆ ತಳ್ಳಿದರು.

ಮರುದಿನ ಕ್ರಮಬದ್ಧವಾಗಿ ಕೆನ್ನೆಯಲ್ಲಿಟ್ಟು, ಮೇಲೆ ಎರಡು ಬೈಟೂ ಕಾಫಿ ಕುಡಿದು, “ಇದ್ರಲ್ಲಿ ದಮ್ಮೇ ಇಲ್ಲ” ಎಂದು ತೀರ್ಪು ಕೊಟ್ಟರು. ಸೇದಿದ ಹೊಗೆಯ ನಿಕೋಟಿನ್ ಮಿದುಳಿಗೆ ಮುಟ್ಟಲು ಹತ್ತಿಪ್ಪತ್ತು ಸೆಕೆಂಡು ಸಾಕು, ಗಮ್ಮಿನದು ಇಪ್ಪತ್ತು ಮೂವತ್ತು ನಿಮಿಷ ತೆಗೆದುಕೊಳ್ಳುತ್ತದೆ. ಆ ನಿಧಾನವೇ ಮದ್ದು ಅಂತ ಡಾಕ್ಟರು ಹೇಳಿದ್ದರಂತೆ. “ಎಕ್ಸ್‌ಪ್ರೆಸ್‌ನಿಂದ ಇಳಿಸಿ ಪ್ಯಾಸೆಂಜರ್‌ಗೆ ಹತ್ಸಿದ್ದಾರೆ ಸಾರ್” ಎಂದು ಇವರ ದೂರು. ನನಗೆ ನಮ್ಮಜ್ಜಿ ನೆನಪಾದರು. ಎಲೆ ಅಡಿಕೆಯ ಜೊತೆ ಒಂದು ಎಸಳು ಹೊಗೆಸೊಪ್ಪನ್ನು ದವಡೆಯ ಸಂದಿಯಲ್ಲಿಟ್ಟು ಮಧ್ಯಾಹ್ನವಿಡೀ ಕೂರುತ್ತಿದ್ದರು. ಕೆನ್ನೆಯಲ್ಲಿ ಒತ್ತರಿಸಿಡುವ ಶಾಸ್ತ್ರ ಅವರಿಗೆ ಯಾವ ಡಾಕ್ಟರೂ ಹೇಳಿಕೊಟ್ಟದ್ದಲ್ಲ. ಬಿಡುವ ಯೋಚನೆಯೊಂದು ಮಾತ್ರ ಅಜ್ಜಿಗೆ ಬರಲಿಲ್ಲ.

ಆಮೇಲೆ ಸಹಾಯವಾಣಿ. ಆ ಸಂಖ್ಯೆ, 1800-11-2356, ಪ್ಯಾಕಿನ ಮೇಲೇ ಅಚ್ಚಾಗಿರುತ್ತದೆ. “ನಂಬರ್ ಬೇಕಲ್ಲ” ಎಂದು ಬಿಟ್ಟಸ್ವಾಮಿ ಒಂದು ಪ್ಯಾಕು ಕೊಂಡರು, ನನ್ನ ದುಡ್ಡಿನಲ್ಲಿ. ಎರಡೂ ಬದಿಯ ಶೇಕಡಾ 85 ಜಾಗದಲ್ಲಿ ಕಣ್ಣಿಟ್ಟು ನೋಡಲಾಗದ ಚಿತ್ರ. ಪ್ಯಾಕು ತಿರುಗಿಸಿಟ್ಟರೂ ಪಾರಿಲ್ಲ. ಚಿತ್ರವನ್ನು ಹೆಬ್ಬೆರಳಿನಿಂದ ಮುಚ್ಚಿ ನಂಬರು ಒತ್ತಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದರ ದಕ್ಷಿಣದ ಕೇಂದ್ರವಿದೆ, ಮಾತು ಕನ್ನಡದಲ್ಲೇ. ಆ ಕಡೆಯ ಹುಡುಗಿ ಬಹಳ ತಾಳ್ಮೆಯಿಂದ, ಆಸೆ ಬಂದಾಗ ಐದು ಹತ್ತು ನಿಮಿಷ ಮುಂದೂಡಿ, ನೀರು ಕುಡಿಯಿರಿ, ಉಸಿರು ದೀರ್ಘವಾಗಿ ಎಳೆಯಿರಿ, ಬೇರೆ ಕೆಲಸಕ್ಕೆ ಗಮನ ಕೊಡಿ, ಆ ಆಸೆ ತಾನಾಗಿ ಇಳಿಯುತ್ತದೆ ಎಂದಳು. ಇವರು ಅಕ್ಷರಶಃ ಪಾಲಿಸಿದರು. ಗೂಡಂಗಡಿಯ ಮುಂದೆ ಗಡಿಯಾರ ನೋಡುತ್ತಾ ಐದು ನಿಮಿಷ ನಿಂತು, ನೀರು ಕುಡಿದು, ಆಮೇಲೆ ದೀರ್ಘವಾಗಿ ಎಳೆದರು.

ಇಷ್ಟು ಕೇಳಿ ಅವರಿಗೆ ಮನೋಬಲವಿಲ್ಲ ಅಂದುಕೊಂಡರೆ ತಪ್ಪು. ವರ್ಷಕ್ಕೊಮ್ಮೆ ಅವರು ಅಯ್ಯಪ್ಪನ ಮಾಲೆ ಹಾಕುತ್ತಾರೆ. ಕಪ್ಪು ಪಂಚೆ, ಬರಿಗಾಲು, ಎರಡು ಹೊತ್ತು ತಣ್ಣೀರ ಸ್ನಾನ. 41 ದಿನ ಒಂದು ದಮ್ಮೂ ಇಲ್ಲ. ಕತ್ತರಿ ಬೆರಳು ಕೂಡ ಮುಂದೆ ಬರುವುದಿಲ್ಲ. ಬಿಟ್ಟವರಿಗೆ ಮೊದಲ ಮೂರು ದಿನವೇ ಘೋರ: ಸಿಡಿಮಿಡಿ, ತಲೆನೋವು, ನಿದ್ದೆಗೇಡು. ಮೂರು ನಾಲ್ಕು ವಾರಕ್ಕೆ ದೇಹದ ಗಲಾಟೆ ಬಹುಮಟ್ಟಿಗೆ ಅಡಗುತ್ತದೆ. ಅಂದರೆ ಶಬರಿಮಲೆಯಿಂದ ಇಳಿಯುವ ಹೊತ್ತಿಗೆ ಬಿಟ್ಟಸ್ವಾಮಿ ನಿಜಕ್ಕೂ ಬಿಟ್ಟವರೇ. ರಕ್ತದಲ್ಲಿ ಏನೂ ಉಳಿದಿರುವುದಿಲ್ಲ. ಊರಿಗೆ ಬಂದು, ಗುರುಸ್ವಾಮಿಯ ಕೈಯಲ್ಲಿ ಮಾಲೆ ತೆಗೆಸಿ, ಪ್ರಸಾದದ ಡಬ್ಬಿ ಹಿಡಿದು ಕಚೇರಿಗೆ ಬರುತ್ತಾರೆ. ಎಲ್ಲರಿಗೂ ಅರವಣ ಪಾಯಸ ಒಂದೊಂದು ಚಮಚ. ನನ್ನ ಮೇಜಿಗೆ ಬಂದಾಗ ಎಡಗೈಯಲ್ಲಿ ಚಮಚ, ಬಲಗೈಯಲ್ಲಿ ಕತ್ತರಿ.

“ಏನ್ ಸ್ವಾಮಿ ಇದು!” ಎಂದೆ.

“ಅಯ್ಯಪ್ಪಂಗೆ ಕೊಟ್ಟ ಮಾತು 41 ದಿನದ್ದು ಸಾರ್. 42ನೇ ದಿನದ್ದು ಕೊಟ್ಟಿರ್ಲಿಲ್ಲ.”

ಅಲ್ಲಿಯ ತನಕ ನಾನು ಅವರನ್ನು ಹಿಡಿದಿರುವುದು ನಿಕೋಟಿನ್ ಅಂದುಕೊಂಡಿದ್ದೆ. ಹಿಡಿದಿರುವುದು ಹನ್ನೊಂದು ಗಂಟೆಯ ಟೀ, ಹಗ್ಗದ ಕಿಡಿ, ಪಕ್ಕದಲ್ಲಿ ನಿಂತು ಸಾಹೇಬರನ್ನು ಬೈಯುವ ನಾನು.

ಅವರ ಮಾವನ ಮನೆ ಪಿರಿಯಾಪಟ್ಟಣದ ಕಡೆ. ಎರಡು ಎಕರೆ ವರ್ಜೀನಿಯಾ ತಂಬಾಕು, ಮನೆಯ ಹಿಂದೆ ಎಲೆ ಹದಮಾಡುವ ಬ್ಯಾರನ್. ಒಂದು ಗಾಂಧಿ ಜಯಂತಿಯಂದು ಬಿಟ್ಟ ಹುಮ್ಮಸ್ಸಿನಲ್ಲಿ ಅಲ್ಲಿಗೇ ಹೋಗಿ, ಜಗಲಿಯ ಮೇಲೆ ಕೂತು ತಂಬಾಕಿನ ಕೆಡುಕುಗಳ ಬಗ್ಗೆ ಮುಕ್ಕಾಲು ಗಂಟೆ ಭಾಷಣ ಮಾಡಿದರಂತೆ. ಹರಾಜಿನಲ್ಲಿ ಈ ಸಲ ಕೆಜಿಗೆ ಎಷ್ಟು ಸಿಗುತ್ತೋ ಎಂಬ ಚಿಂತೆಯಲ್ಲಿದ್ದ ಮಾವ, ಜನ್ಮದಲ್ಲಿ ಒಂದು ಬೀಡಿಯನ್ನೂ ತುಟಿಗಿಡದ ಮನುಷ್ಯ, ಎಲ್ಲ ಕೇಳಿ ಹೇಳಿದ್ದಿಷ್ಟೇ: “ಅದ್ಕೇಯಾ ಅಳಿಯಂದ್ರೇ, ನಾವು ಬರೀ ಬೆಳೀತೀವಿ.”

ಕಳೆದ ಆಷಾಢದ ಗಾಳಿಗೆ ನನಗೆ ಕೆಮ್ಮು ಹತ್ತಿತು. ಮೂರು ವಾರವಾದರೂ ಇಳಿಯಲಿಲ್ಲ. ಎಕ್ಸ್‌ರೇ ತೆಗೆಸಿಕೊಂಡು ಬಂದ ಸಂಜೆ ಯಾರಿಗೂ ಹೇಳದೆ ಸಿಗರೇಟು ನಿಲ್ಲಿಸಿದೆ. ಧೈರ್ಯವೇನೂ ಅಲ್ಲ, ಹೆದರಿಕೆ. ಎರಡನೇ ದಿನ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಹೆಂಡತಿಯ ಮೇಲೆ ರೇಗಿದೆ, ಮೂರನೇ ದಿನ ಕಡಿಮೆಯಾಯಿತೆಂದು. ನಾಲ್ಕನೇ ದಿನ ಅವಳು ಉಪ್ಪಿನ ಡಬ್ಬಿಯನ್ನೇ ತಂದು ನನ್ನ ತಟ್ಟೆಯ ಪಕ್ಕ ಇಟ್ಟಳು.

ಐದನೇ ದಿನ ಬಿಟ್ಟಸ್ವಾಮಿ ಬೆರಳು ಚಾಚಿದರು. “ಇಲ್ಲ ಸ್ವಾಮಿ, ಬಿಟ್ಟೆ” ಎಂದೆ.

ಅವರು ನಕ್ಕರು. ನಾನು ನಗಲಿಲ್ಲ. ನಿಧಾನವಾಗಿ ಬೆರಳೆರಡೂ ಕೂಡಿಕೊಂಡವು. ಸಂಬಳದ ದಿನ ಟ್ರೆಜರಿ ಮುಚ್ಚಿದ್ದನ್ನು ಕಂಡವನ ಮುಖ. “ಒಂದ್ ಮಾತು ಮುಂಚೆ ಹೇಳ್ಬಾರ್ದಿತ್ತಾ ಸಾರ್?” ಎಂದು ತಿರುಗಿ ನೋಡದೆ ಹೋದರು. ಮನೆಯವರು ಬಿಟ್ಟುಹೋದರೂ ಅಷ್ಟು ನೊಂದಾರೆಂದು ನನಗನ್ನಿಸುವುದಿಲ್ಲ.

ಆಮೇಲೆ ಆದದ್ದು ನಾನು ನಿರೀಕ್ಷಿಸಿರಲಿಲ್ಲ. ಬಿಟ್ಟಸ್ವಾಮಿ ಸ್ವಂತ ದುಡ್ಡು ಕೊಟ್ಟು ಪ್ಯಾಕು ಕೊಳ್ಳತೊಡಗಿದರು. ಬೆಲೆ ಕೇಳಿ ಅಂಗಡಿಯವನ ಹತ್ತಿರ ಜಗಳವಾಡಿದರಂತೆ. ಅದಕ್ಕಿಂತ ಹೆಚ್ಚಿನದೆಂದರೆ, ನನಗೆ ಕೊಡತೊಡಗಿದರು. ಅಷ್ಟು ವರ್ಷ ಯಾರಿಗೂ ಒಂದು ಕಡ್ಡಿ ಕೊಡದ ಮಹಾನುಭಾವರು, “ಎಷ್ಟೊಂದು ತಗೊಂಡಿದೀನಿ ಸಾರ್, ಋಣ ಇಟ್ಕೋಬಾರ್ದು” ಎನ್ನುತ್ತಾ ಬಂದು, ಬೇಡವೆಂದರೆ ಮೇಜಿನ ಡ್ರಾಯರಿನಲ್ಲಿ ಒಂದು ಇಟ್ಟು ಹೋಗುತ್ತಾರೆ. ಟೀ ಹೊತ್ತಿಗೆ ಅವರಿಗೆ ಬೇಕಾಗಿರುವುದು ಸಿಗರೇಟಲ್ಲ, ಪಕ್ಕದಲ್ಲಿ ಸೇದುವವನು.

ನಾನು ಬಿಟ್ಟು ಇವತ್ತಿಗೆ 73 ದಿನ. ಡ್ರಾಯರಿಗೆ ಬಂದ 11 ಸಿಗರೇಟನ್ನೂ ಮುರಿದು ಬುಟ್ಟಿಗೆ ಹಾಕಿ ಡೈರಿಯಲ್ಲಿ ಜಮಾ ಮಾಡಿದ್ದೇನೆ. ಅವರ ಖಾತೆಯಲ್ಲಿ ಒಟ್ಟು ಗೀಟು 214. ಬರಬೇಕಾದ ಬಾಕಿ 203. ಓದಿದವರಲ್ಲಿ ಯಾರಿಗಾದರೂ ಬಿಟ್ಟಸ್ವಾಮಿಯವರ ಪರಿಚಯವಿದ್ದರೆ, ಈ ಬಾಕಿಯ ವಿಷಯ ದಯವಿಟ್ಟು ಅವರ ಕಿವಿಗೆ ಹಾಕಬೇಡಿ.