ಟ್ರೇಯಲ್ಲಿ ಕೂತ ಕರಿ ಆಯಿಲ್ ಹೇಳಿದ್ದು

ಆದೋನಿಯ ಹತ್ತಿ ಮಾರ್ಕೆಟ್ ಯಾರ್ಡಿಗೆ ಹೋಗುವ ದಾರಿಯಲ್ಲೊಂದು ಮೆಕ್ಯಾನಿಕ್ ಶೆಡ್. ಪಿಟ್ ಮೇಲೆ ನಿಂತ ಡೀಸೆಲ್ ಕಾರಿನ ಹೊಟ್ಟೆಯಿಂದ ಆಗಷ್ಟೇ ಟ್ರೇಗೆ ಇಳಿದಿದ್ದ ಎಂಜಿನ್ ಆಯಿಲ್ ಮಾತಿಗೆ ಒಪ್ಪಿತು. ಕಾರಿನ ಸಾವುಕಾರರು ಎದುರಿನ ಹೋಟೆಲಿನಲ್ಲಿ ಉಗ್ಗಾಣಿ-ಬಜ್ಜಿ ತಿನ್ನುತ್ತಿದ್ದರು. ಅವರ ಪ್ಲೇಟು ಖಾಲಿಯಾಗುವವರೆಗೆ ನಮಗೆ ಬಿಡುವು.

ನಾನು: ನಮಸ್ಕಾರ. ಆಂಧ್ರದ ಕಾರಿನ ಆಯಿಲ್ ಇಷ್ಟು ಚೆನ್ನಾಗಿ ಕನ್ನಡ ಮಾತಾಡುತ್ತೆ ಅಂದ್ಕೊಂಡಿರಲಿಲ್ಲ.

ಆಯಿಲ್: ಯಾಕಪ್ಪಾ? 1953ರ ಅಕ್ಟೋಬರ್ 1ಕ್ಕೆ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳನ್ನ ಬಳ್ಳಾರಿ ಜಿಲ್ಲೆಯಿಂದ ಬಿಡಿಸಿ ಆಂಧ್ರಕ್ಕೆ ಸೇರಿಸಿದ್ರು. ತಾಲೂಕು ಹೋದವು, ಮಾತು ಹೋಗಲಿಲ್ಲ. ನಮ್ಮ ಸಾವ್ಕಾರ್ರು ವ್ಯಾಪಾರ ಮಾಡೋದು ತೆಲುಗಿನಾಗೆ, ಡ್ರೈವರ್‌ನ ಬೈಯೋದು ಕನ್ನಡದಾಗೆ. ಬಾನೆಟ್ ಕೆಳಗೆ ಕೂತೋನಿಗೆ ಎರಡೂ ಬರ್ತಾವೆ.

ನಾನು: ವಿಷಯಕ್ಕೆ ಬರೋಣ. ನಿಮ್ಮನ್ನು ಬದಲಾಯಿಸೋಕೆ ಯಾವ ಕಾಲ ಒಳ್ಳೇದು? ಬೇಸಿಗೆಯೋ, ಮಳೆಗಾಲವೋ, ಚಳಿಗಾಲವೋ?

ಆಯಿಲ್: ಹತ್ತಿ ಮಾರಿದ ಮೇಲೆ.

ನಾನು: ಅದು ಋತು ಅಲ್ಲವಲ್ಲ?

ಆಯಿಲ್: ಈ ಕಡೆ ಅದೊಂದೇ ಋತು, ತಮ್ಮಾ. ದೀಪಾವಳಿಯಿಂದ ಸಂಕ್ರಾಂತಿವರೆಗೆ ಯಾರ್ಡಿಗೆ ಹತ್ತಿ ಬರ್ತೈತೆ, ಕೈಯಾಗೆ ದುಡ್ಡು ಆಡ್ತೈತೆ. ಮಗಳ ಮದುವೆ, ಮನೆ ಸುಣ್ಣ, ಹಳೇ ಬಡ್ಡಿ, ಅತ್ತೆಯ ಹಲ್ಲು, ಎಲ್ಲಾ ಅವಾಗೇ. ಆ ಪಟ್ಟಿಯ ಕೊನೆಗೆ ನಾನು. ರೇಟು ಬಿದ್ದ ವರ್ಷ ಅತ್ತೆಯ ಹಲ್ಲಿಗೇ ನಿಂತುಬಿಡ್ತೈತೆ.

ನಾನು: ಅದು ಸಾವುಕಾರರ ಲೆಕ್ಕ. ಎಂಜಿನ್ನಿನ ಲೆಕ್ಕ ಏನು?

ಆಯಿಲ್: ಎಂಜಿನ್ನಿಗೆ ಪಂಚಾಂಗ ಗೊತ್ತಿಲ್ಲ. ಹೊರಗೆ ಮೇ ತಿಂಗಳಾಗೆ 42 ಡಿಗ್ರಿ ಇರಲಿ, ಡಿಸೆಂಬರ್ ಬೆಳಗಿಗೆ 17 ಇರಲಿ, ಬಂಡಿ ಬಿಸಿಯಾಗಿ ಓಡೋವಾಗ ಒಳಗೆ ನನಗೆ 100ರ ಆಸುಪಾಸು. ಕಾಲ ನೋಡಿ ಎಣ್ಣೆ ಬದಲಿಸೋದು ಹಿಮ ಬೀಳೋ ದೇಶದ ಹಳೇ ಪದ್ಧತಿ. ಅವಾಗ ಒಂದೇ ದರ್ಜೆ ಎಣ್ಣೆ ಇತ್ತು. ಚಳಿಗೆ ತೆಳುವಾದದ್ದು, ಬೇಸಿಗೆಗೆ ಮಂದವಾದದ್ದು ಹಾಕ್ತಿದ್ರು. 1950ರ ದಶಕದಾಗೆ ಎರಡಕ್ಕೂ ಆಗೋ ಎಣ್ಣೆ ಬಂತು, ಪದ್ಧತಿಯ ಕಥೆ ಮುಗೀತು. ಈಗ ಡಬ್ಬಿ ಮೇಲೆ 5ಡಬ್ಲ್ಯೂ-30 ಅಂತ ಇರ್ತೈತಲ್ಲ, ಆ 5ಡಬ್ಲ್ಯೂ ಅಂದ್ರೆ ಮೈನಸ್ 30 ಡಿಗ್ರಿಯಾಗೂ ಎಂಜಿನ್ ತಿರುಗೋಕೆ ಬಿಡಬೇಕು ಅಂತ ಪರೀಕ್ಷೆ. ನಮ್ಮ ಸಾವ್ಕಾರ್ರು 17 ಡಿಗ್ರಿಗೇ ಮಂಕಿ ಕ್ಯಾಪ್ ಹಾಕ್ಕಂಡು, ಮೇಲೊಂದು ಶಾಲು ಸುತ್ಕಂಡು ಬರ್ತಾರೆ. ಬಂದು ಮೆಕ್ಯಾನಿಕ್‌ನ ಕೇಳ್ತಾರೆ: ಏನಪ್ಪಾ, ಚಳಿಗೆ ಆಯಿಲ್ ಗಟ್ಟಿಯಾಗಲ್ಲ ಅಲ್ಲಾ?

ನಾನು: ಹಾಗಾದರೆ ಯಾವಾಗ ಬದಲಿಸಬೇಕು?

ಆಯಿಲ್: ಬಹಳಷ್ಟು ಕಾರಿನ ಪುಸ್ತಕದಾಗೆ 10,000 ಕಿಲೋಮೀಟರ್, ಇಲ್ಲಾ ಒಂದು ವರ್ಷ, ಯಾವುದು ಮೊದಲೋ ಅದು ಅಂತ ಬರೆದೈತೆ. ಧೂಳಿನ ರಸ್ತೆ, ಸಣ್ಣ ಸಣ್ಣ ಓಡಾಟ, ನಿಂತಲ್ಲೇ ಎಂಜಿನ್ ಚಾಲು, ಇಂಥವು ಇದ್ರೆ ಇನ್ನೂ ಬೇಗ ಬದಲಿಸ್ರಿ ಅಂತ ಸಣ್ಣಕ್ಷರದಾಗೆ ಐತೆ. ಆ ಪುಸ್ತಕ ನಮ್ಮ ಕಾರಿನಾಗೂ ಐತೆ. ಡ್ಯಾಶ್‌ಬೋರ್ಡಿನಾಗೆ, ಪ್ಲಾಸ್ಟಿಕ್ ಹರಿಯದಂಗೆ, ಮಂತ್ರಾಲಯದ ಮಂತ್ರಾಕ್ಷತೆ ಪೊಟ್ಟಣದ ಕೆಳಗೆ.

ನಾನು: ನಿಮ್ಮ ಕಾರು ಎಷ್ಟು ಓಡಿದೆ?

ಆಯಿಲ್: ನನ್ನ ಕಾಲದಾಗೆ ಆರು ಸಾವಿರ ಚಿಲ್ಲರೆ. ಸಾವ್ಕಾರ್ರು ಅದನ್ನೇ ಎಲ್ಲರಿಗೂ ತೋರಿಸ್ತಾರೆ, ‘ಇನ್ನೂ ನಾಕು ಸಾವಿರ ಐತಲ್ಲಪ್ಪಾ’ ಅಂತ. ಆದ್ರೆ ನಿಂತಲ್ಲೇ ಚಾಲು ಇದ್ರೆ ಕಿಲೋಮೀಟರ್ ಎಣಿಸೋ ಮೀಟರು ತಿರುಗಲ್ಲ, ನನ್ನ ಕೆಲಸ ಮಾತ್ರ ತಿರುಗ್ತಾನೇ ಇರ್ತೈತೆ. ಯಾರ್ಡಿನ ಗೇಟಿನ ಮುಂದೆ ಟೆಂಡರ್ ಮುಗಿಯೋವರೆಗೂ ಏಸಿ ಹಾಕ್ಕಂಡು ಕೂತಿರ್ತಾರೆ. ಜೂನಿನಾಗೆ ಮೊದಲ ಮಳೆ ಬಿದ್ರೆ ತುಗ್ಗಲಿ, ಜೊನ್ನಗಿರಿ ಹೊಲದಾಗೆ ವಜ್ರ ಸಿಗ್ತೈತೆ ಅಂತ ಜನ ಹೋಗ್ತಾರಲ್ಲ, ಇವರೂ ಹೊಂಟ್ರು. ಮನೆ ಮಂದಿಯೆಲ್ಲಾ ಬಗ್ಗಿ ಕೆಂಪು ಮಣ್ಣಾಗೆ ಕಲ್ಲು ಹೆಕ್ತಾರೆ, ಸಾವ್ಕಾರ್ರು ಬದುವಿನ ಪಕ್ಕ ಕಾರಿನಾಗೆ ಏಸಿ ಹಾಕ್ಕಂಡು ಪಹರೆ. ಸಂಜೆಗೆ ಒಂದು ಚೀಲ ಬೆಣಚು ಕಲ್ಲು ಸಿಕ್ತು. ಮೀಟರಿನಾಗೆ ಆ ಇಡೀ ದಿನಕ್ಕೆ ಬರೆದದ್ದು ಹೋಗಿ ಬಂದ ದಾರಿ ಮಾತ್ರ.

ನಾನು: ಸಣ್ಣ ಓಡಾಟ ಒಳ್ಳೇದಲ್ಲವೇ? ಎಂಜಿನ್ನಿಗೆ ಶ್ರಮ ಕಡಿಮೆ.

ಆಯಿಲ್: ಮನೆಯಿಂದ ಯಾರ್ಡು, ಯಾರ್ಡಿನಿಂದ ಮನೆ. ನಾನು ಬಿಸಿಯಾಗೋದ್ರಾಗೇ ಕೀ ತಿರುವಿ ಇಳೀತಾರೆ. ಒಳಗೆ ಹುಟ್ಟಿದ ನೀರಿನ ಪಸೆ ಆವಿಯಾಗಿ ಹೋಗೋಕೆ ಹೊತ್ತೇ ಸಿಗಲ್ಲ, ಸುಡದೆ ಉಳಿದ ಡೀಸೆಲ್ಲೂ ನನ್ನಾಗೇ ಬಂದು ಸೇರ್ತೈತೆ. ಬಳ್ಳಾರಿಗೆ ಒಂದೇ ಸಮ ಓಡಿಸ್ಕಂಡು ಹೋಗಿ ಬರೋದು ನನಗೆ ಹಬ್ಬ. ಯಾರ್ಡಿನ ಪ್ರಯಾಣ ಅಜೀರ್ಣ.

ನಾನು: ನೀವು ಇಷ್ಟು ಕಪ್ಪಾಗಿರೋದು ಅದಕ್ಕೇನಾ?

ಆಯಿಲ್: ಅದಕ್ಕಲ್ಲ. ಡೀಸೆಲ್ ಬಂಡಿಗೆ ಸುರಿದ ಸ್ವಲ್ಪ ದಿನಕ್ಕೇ ನಾನು ಕರ್ರಗಾಗ್ತೀನಿ. ಮಸಿ ಲೋಹಕ್ಕೆ ಅಂಟದಂಗೆ ನನ್ನ ಮೈಯಾಗೆ ಹಿಡಕಂಡು ತಿರುಗೋದು ನನ್ನ ಕೆಲಸ. ಬಣ್ಣ ನೋಡಿ ತೀರ್ಪು ಕೊಡಬ್ಯಾಡ್ರಿ. (ಇಲ್ಲಿ ಮೆಕ್ಯಾನಿಕ್ ಬಗ್ಗಿ, ಹೆಬ್ಬೆರಳು ತೋರುಬೆರಳ ನಡುವೆ ಒಂದು ಹನಿ ಉಜ್ಜಿ ನೋಡಿ, ಮುಖ ಸಿಂಡರಿಸಿ, ಹತ್ತಿಯ ವೇಸ್ಟಿಗೆ ಕೈ ಒರೆಸಿಕೊಂಡ.) ನೋಡಿದ್ಯಾ? ಅವನ ಬೆರಳಿಗೆ ಸಿಕ್ಕಿದ್ದು ಮರಳು. ಎರೆ ಹೊಲದ ಬಂಡಿ ದಾರಿಯಾಗೆ ಏಳೋ ಧೂಳು, ಜಿನ್ನಿಂಗ್ ಮಿಲ್ಲಿನ ಹತ್ತಿ ಧೂಳು, ಎರಡೂ ಏರ್ ಫಿಲ್ಟರಿನಾಗೆ ಕಂಬಳಿ ನೇಯ್ದಾವೆ. ನನ್ನ ಬದಲಿಸೋ ಮೊದಲು ಅದನ್ನ ಬಿಚ್ಚಿ ನೋಡಬೇಕಿತ್ತು. ಅದಕ್ಕೂ ಅತ್ತೆಯ ಹಲ್ಲು ಅಡ್ಡ ಬಂತು.

ನಾನು: ಆಯುಧ ಪೂಜೆಗೆ ಕಾರನ್ನು ಚೆನ್ನಾಗಿ ನೋಡಿಕೊಳ್ಳುತ್ತಾರಂತೆ?

ಆಯಿಲ್: ಅಯ್ಯೋ, ಆ ದಿನದ ವೈಭೋಗ ಕೇಳಬ್ಯಾಡ! ತೊಳೆದು, ಬಾನೆಟ್ ಮೇಲೆ ಅರಿಶಿನ ಕುಂಕುಮ, ಬಂಪರಿಗೆ ಚೆಂಡುಹೂ, ನಾಕೂ ಚಕ್ರಕ್ಕೆ ನಿಂಬೆಹಣ್ಣು. ಬಾನೆಟ್ ಎತ್ತೋದಿಲ್ಲ, ಎತ್ತಿದ್ರೆ ಕುಂಕುಮ ಚೆಲ್ತೈತಲ್ಲ. ಡಿಪ್‌ಸ್ಟಿಕ್ಕಿನಾಗೆ ನಾನು ಕೆಳಗಿನ ಗೆರೆಗಿಂತ ಕೆಳಗೆ. ಮರುದಿನ ವಿಜಯದಶಮಿ ರಾತ್ರಿ ದೇವರಗಟ್ಟಿನ ಬನ್ನಿ ಹಬ್ಬದ ಬಡಿಗೆ ಕಾಳಗ ನೋಡೋಕೆ ಅಂತ ಅದೇ ಕಾರಿಗೆ ಹನ್ನೊಂದು ಮಂದಿ ಹತ್ತಿದ್ರು. ಅಲ್ಲಿ ಬಡಿಗೆ ಏಟಿಗೆ ಎಷ್ಟೋ ತಲೆ ಒಡೀತಾವೆ. ಆವತ್ತು ಎಂಜಿನ್ ಒಂದು ಉಳೀತು, ಅಲ್ಲಿಯ ದೇವರು ಮಾಳಮಲ್ಲೇಶ್ವರನ ದಯೆ.

ನಾನು: ಮುಂದೆ ಎಲ್ಲಿಗೆ ಪಯಣ?

ಆಯಿಲ್: 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪ್ರಕಾರ ನಾನು ಮತ್ತೆ ಶುದ್ಧ ಮಾಡೋ ಕಾರ್ಖಾನೆಗೆ ಹೋಗಬೇಕು. ಮೂಲೆಯಾಗಿರೋ ಡ್ರಮ್ಮಿನ ಪ್ರಕಾರ ಸೆಂಟ್ರಿಂಗ್ ಹಲಗೆಗೆ ಬಳಿಯೋಕೆ. ಉಳಿದದ್ದು ಗೆದ್ದಲು ಹತ್ತಿದ ಬಾಗಿಲಿಗೆ. ಹೊಸ ಮನೆ ತಾರಸಿ ಅಡಿಗೆ ಹೋಗೋದೂ ಒಂದು ಮರ್ಯಾದೆನೇ ಅನ್ನು. ಬರಿಗೈಯಾಗೆ ನನ್ನ ಬಳಿಯೋ ಹುಡುಗ್ರ ಚರ್ಮದ ಬಗ್ಗೆ ಮಾತ್ರ ಯಾರಿಗೂ ಚಿಂತೆ ಇಲ್ಲ.

(ಸಾವುಕಾರರು ಕೈ ತೊಳೆದುಕೊಂಡು ಬಂದರು. ಮೆಕ್ಯಾನಿಕ್ ಹೊಸ ಆಯಿಲ್ ಫಿಲ್ಟರ್ ಎತ್ತಿ ತೋರಿಸಿದ. ‘ಅದು ಮುಂದಿನ ಸಲ ನೋಡೋಣ ಬಿಡಪ್ಪಾ, ಹಳೇದೇ ಗಟ್ಟಿ ಐತೆ’ ಎಂದರು.)

ನಾನು: ಕೊನೇ ಪ್ರಶ್ನೆ. ಈಗ ಒಳಗೆ ಹೋಗ್ತಿರೋ ಹೊಸ ಆಯಿಲಿಗೆ ಏನಾದರೂ ಹೇಳೋದಿದೆಯೇ?

ಆಯಿಲ್: ನಾನ್ಯಾಕೆ ಹೇಳಲಿ? ಹಳೇ ಫಿಲ್ಟರಿನಾಗೆ ನನ್ನ ಪಾಲು ಒಂದು ಲೋಟದಷ್ಟು ಇನ್ನೂ ಒಳಗೇ ಕೂತೈತೆ. ಎಂಜಿನ್ ಚಾಲು ಮಾಡ್ತಿದ್ದಂಗೆ ಅದೇ ಎಲ್ಲಾ ಹೇಳ್ತೈತೆ.