ಕಿವಿ ನೋಡಿ ಮಾತಾಡುವ ಮಣಿ ಅಕ್ಕ

ಮಣಿ ಅಕ್ಕ ನಮ್ಮ ಮುಖ ನೋಡಿ ಮಾತಾಡುವುದಿಲ್ಲ, ಕಿವಿ ನೋಡಿ ಮಾತಾಡುತ್ತಾರೆ. "ಯಾವಾಗ ಬಂದದ್ದು?" ಎಂದು ಕೇಳುವಾಗ ದೃಷ್ಟಿ ಬಲಗಿವಿಯಲ್ಲಿ, "ಮನೆಯಲ್ಲಿ ಎಲ್ಲ ಸೌಖ್ಯವಾ?" ಎನ್ನುವಾಗ ಎಡಗಿವಿಯಲ್ಲಿ. ಬಂದವರು ಗಂಡಸರಾದರೆ ಸ್ವಲ್ಪ ನಿರಾಸೆ. ಆದರೂ ಬಿಡುವವರಲ್ಲ, ಬೈಕಿನ ಕೀಲಿಗೆ ಏನಾದರೂ ನೇತುಹಾಕಬಹುದೋ ಎಂದು ಕೈಯತ್ತ ನೋಡುತ್ತಾರೆ.

ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕಿನಲ್ಲಿ ಊರಿಗೊಬ್ಬ ಮಣಿ ಅಕ್ಕ ಇದ್ದೇ ಇದ್ದಾರೆ. ಕುಂಬ್ರದಲ್ಲಿ ಇದ್ದಾರೆ, ಬೆಳ್ಳಾರೆಯಲ್ಲಿ ಇದ್ದಾರೆ, ಕಾಣಿಯೂರಿನಲ್ಲಿ ಬಸ್ಸಿಳಿದು ಕೇಳಿದರೆ ಎರಡು ಮನೆ ತೋರಿಸಿಯಾರು. ಅಸಲು ಹೆಸರು ಬೇರೆ ಇರುತ್ತದೆ, ಅದು ರೇಷನ್ ಕಾರ್ಡಿಗೆ. ಹೆಚ್ಚಿನವರು ಮಣಿ ಅಕ್ಕಂದಿರಾದದ್ದು 2020ರ ಲಾಕ್‌ಡೌನಿನಲ್ಲಿ. ಅಲ್ಲಿವರೆಗೆ ಹಲಸಿನ ಹಪ್ಪಳ, ಮಾವಿನಮಿಡಿ ಉಪ್ಪಿನಕಾಯಿ ಎಂದು ಮನೆಯವರಿಗೆ ಉಪಕಾರವಾಗುವ ಕೆಲಸವನ್ನೇ ಮಾಡಿಕೊಂಡಿದ್ದರು. ಒಂದು ಮಧ್ಯಾಹ್ನ ಮೊಬೈಲಿನಲ್ಲಿ ಯಾರೋ ಹಳೇ ಪ್ಲಾಸ್ಟಿಕ್ ಬಳೆಗೆ ರೇಷ್ಮೆದಾರ ಸುತ್ತುವುದು ಕಂಡಿತು. ಸಂಜೆಯೊಳಗೆ ಮನೆಯಲ್ಲಿದ್ದ ಬಳೆಗಳೆಲ್ಲ ಮುಗಿದು, ಪೈಪಿನ ತುಂಡಿಗೂ ದಾರ ಸುತ್ತಿ ಆಗಿತ್ತು.

ಮದುವೆ ಕಾಗದ ಕೊಡಲು ಇವರ ಮನೆಗೆ ಹೋದವರಿಗೆ ಆಗುವ ಅನುಭವವೇ ಬೇರೆ. ಕಾಗದ ಕೈಗೆ ಬಂದ ಕೂಡಲೇ ಅಕ್ಕ ದಿನ, ಮುಹೂರ್ತ ನೋಡುವುದಿಲ್ಲ. ಹೆಬ್ಬೆರಳಲ್ಲಿ ಉಜ್ಜಿ ದಪ್ಪ ನೋಡುತ್ತಾರೆ, ಬೆಳಕಿಗೆ ಹಿಡಿದು ಚಿನ್ನದ ಅಕ್ಷರ ನೋಡುತ್ತಾರೆ. "ಲಾಯ್ಕ್ ಉಂಟು. ನಾಲ್ಕು ಜೊತೆ ಆಗ್ತದೆ" ಎನ್ನುತ್ತಾರೆ. ಹುಡುಗ ಹುಡುಗಿಯ ಜೊತೆ ಎಂದು ತಿಳಿದು ಕೊಟ್ಟವರು ನಗಬೇಕು. ಮದುವೆಯ ದಿನ ಹಾಲಿಗೆ ಬರುವಾಗ ಅದೇ ಕಾಗದ ಅಕ್ಕನ ಕಿವಿಯಲ್ಲಿ ಝುಮ್ಕಿಯಾಗಿ ಆಡುತ್ತಿರುತ್ತದೆ. ಹತ್ತಿರ ಕೂತು ಕಣ್ಣು ಕಿರಿದು ಮಾಡಿದರೆ ಒಂದು ಕಿವಿಯಲ್ಲಿ "ಆಶೀರ್ವಾದವೇ", ಇನ್ನೊಂದರಲ್ಲಿ "ಉಡುಗೊರೆ" ಎಂದು ಓದಬಹುದು. ಮದುಮಗನ ತಂದೆಗೆ ಏನು ಹೇಳಲೂ ತೋಚುವುದಿಲ್ಲ, ಯಾಕೆಂದರೆ ಅಕ್ಕ ಉಡುಗೊರೆ ತಂದದ್ದೂ ಹೌದು: ಉಳಿದ ಮೂರು ಜೊತೆ.

ಕಾಗದದ ಝುಮ್ಕಿ ಸುಮ್ಮನೆ ಆಗುವುದಿಲ್ಲ. ಕಾಗದವನ್ನು ಸಪೂರ ಪಟ್ಟಿಯಾಗಿ ಕತ್ತರಿಸಿ, ಸೂಜಿಗೆ ಬಿಗಿಯಾಗಿ ಸುತ್ತಿ ಬಿಲ್ಲೆ ಮಾಡಬೇಕು. ಆಮೇಲೆ ಹೆಬ್ಬೆರಳಲ್ಲಿ ನಡುವನ್ನು ಮೆತ್ತಗೆ ಒತ್ತಿ ಗುಮ್ಮಟ ಎಬ್ಬಿಸಿ, ಒಳಬದಿಗೆ ಫೆವಿಕಾಲ್ ಬಳಿಯಬೇಕು. ಒಣಗಿದ ಮೇಲೆ ವಾರ್ನಿಷ್. ಈ "ಒಣಗಿದ ಮೇಲೆ" ಎನ್ನುವುದು ಬೆಂಗಳೂರಿನವರು ಮಾಡಿದ ವಿಡಿಯೋದ ಮಾತು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ನಮ್ಮಲ್ಲಿ ಆಟಿ ತಿಂಗಳಲ್ಲಿ ಹಾಕಿದ ಫೆವಿಕಾಲ್ ಒಣಗುವಾಗ ಚೌತಿ ಬರುತ್ತದೆ. ಬೆಳಿಗ್ಗೆ ಪುತ್ತೂರಿನಲ್ಲಿ ಎರಡು ಝುಮ್ಕಿ ಹಾಕಿ ಬಸ್ಸು ಹತ್ತಿದ ಹುಡುಗಿಯೊಬ್ಬಳು ಸುಳ್ಯದಲ್ಲಿ ಇಳಿಯುವಾಗ ಎರಡು ಹಪ್ಪಳ ಹಾಕಿಕೊಂಡಿದ್ದಳಂತೆ.

ಹಾಗಾಗಿ ಮಳೆಗಾಲದಲ್ಲಿ ಅಕ್ಕ ಬೀಜಗಳಿಗೆ ತಿರುಗುತ್ತಾರೆ. ಮೊದಲ ಆಹುತಿ ಚೆನ್ನೆಮಣೆ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಐವತ್ತಾರು ಮಂಜೊಟ್ಟಿ. ಅಜ್ಜಿಯ ಕಾಲದಿಂದ ಡಬ್ಬಿಯಲ್ಲಿದ್ದ ಕೆಂಪು ಕಾಳು. ಆಟಿಯ ಮಳೆಗೆ ಮಕ್ಕಳು ಮಣೆ ಇಳಿಸಿ ಕೂತರೆ ಡಬ್ಬಿ ಖಾಲಿ. ಐವತ್ತಾರೂ ಪಂಪು ರಿಪೇರಿಯ ಡ್ರಿಲ್ಲಿನಲ್ಲಿ ತೂತು ಹೊಡೆಸಿಕೊಂಡು ಅಕ್ಕನ ಕುತ್ತಿಗೆಯಲ್ಲಿ. "ಆಡಿ ಕೊಡಿ, ಕಳೆಯಬೇಡಿ" ಎಂದು ಸರ ಬಿಚ್ಚಿ ಕೊಟ್ಟದ್ದು ಅಕ್ಕನ ದೊಡ್ಡ ಗುಣ. ಆಟ ಮುಗಿದಾಗ ಐವತ್ತೈದೇ ಇದ್ದದ್ದಕ್ಕೆ ಮಕ್ಕಳ ಜೇಬು ಮಾತ್ರವಲ್ಲ, ಮನೆಯ ಬೆಕ್ಕನ್ನೂ ತಪಾಸಣೆ ಮಾಡಿದರು.

ಗೇರುಬೀಜದ ಪ್ರಸಂಗವನ್ನು ಮನೆಯವರು ಮೆಲ್ಲಗೆ ಹೇಳುತ್ತಾರೆ. ಪುತ್ತೂರಿನ ಮೊಟ್ಟೆತ್ತಡ್ಕದಲ್ಲಿ ಗೇರಿಗೆಂದೇ ರಾಷ್ಟ್ರಮಟ್ಟದ ಸಂಶೋಧನಾ ಕೇಂದ್ರ ಇದೆ. ಅಲ್ಲಿಯ ವಿಜ್ಞಾನಿಗಳಿಗೂ ಅದನ್ನು ಕಿವಿಗೆ ಹಾಕುವ ಯೋಚನೆ ಬಂದಿರಲಿಕ್ಕಿಲ್ಲ. ಅಕ್ಕನಿಗೆ ಬಂತು. ಹಸಿ ಬೀಜಕ್ಕೆ ತೂತು ಹೊಡೆದ ಕೂಡಲೇ ಸಿಪ್ಪೆಯ ಎಣ್ಣೆ ಜಿನುಗಿ, ಕಿವಿ ಬೊಬ್ಬೆ ಎದ್ದು, ಒಂದು ವಾರ ಅಕ್ಕ ಎಲ್ಲರ ಮುಖ ನೋಡಿಯೇ ಮಾತಾಡಿದರು. ಅದಾದ ಮೇಲೆ ಗುಲಗಂಜಿಗೆ ಕೈ ಹಾಕಿದಾಗ ಅತ್ತೆ ಎದ್ದು ನಿಂತರು. "ಅಕ್ಕಸಾಲಿ ತಕ್ಕಡಿಯಲ್ಲಿ ಇಟ್ಟದ್ದು ಸರಿ. ಅದರ ಸಿಪ್ಪೆ ಒಡೆದರೆ ವಿಷ. ನಿನ್ನ ಡ್ರಿಲ್ಲು ಅದಕ್ಕೆ ಮುಟ್ಟಬಾರದು!" ಈ ಒಂದು ವಿಷಯದಲ್ಲಿ ಅತ್ತೆ ಹೇಳಿದ್ದು ನೂರಕ್ಕೆ ನೂರು ಸರಿ. ಅಕ್ಕ ಗುಲಗಂಜಿ ಬಿಟ್ಟು ಅಕ್ಕಿ ಹಿಡಿದರು. ಅಕ್ಕಿಕಾಳು ಅಂಟಿಸಿ ಪದಕ ಮಾಡುವುದು ಕಂಡು ಅತ್ತೆ ಮತ್ತೆ ಎದ್ದರು: ಉಣ್ಣುವ ವಸ್ತುವಿನಲ್ಲಿ ಇದೆಂಥ ಆಟ? ಅಕ್ಕನ ಉತ್ತರ ತಯಾರಿತ್ತು. "ಮಹಾಲಿಂಗೇಶ್ವರನ ಕೆರೆಯಲ್ಲಿ ನೀರು ಬರಲಿಲ್ಲ ಅಂತ ಕೆರೆಯೊಳಗೇ ಊಟಕ್ಕೆ ಕೂರಿಸಿದ್ದು, ನೀರು ಉಕ್ಕಿದಾಗ ಎಲೆಯ ಮೇಲಿದ್ದ ಅನ್ನ ಮುತ್ತಾದದ್ದು, ಎಲ್ಲ ನೀವೇ ಹೇಳಿದ ಕತೆ ಅಲ್ವಾ ಅತ್ತೆ? ಪುತ್ತೂರಿನಲ್ಲಿ ಇದನ್ನು ಮೊದಲು ಮಾಡಿದ್ದು ನಾನಲ್ಲ."

ಮಗ ಎಂಜಿನಿಯರಿಂಗ್ ಓದುತ್ತಾನೆ. ಅಮ್ಮನ ಬಳೆಯ ಲೆಕ್ಕ ಅವನಿಗೆ ಇಂದಿಗೂ ಅರಗಿಲ್ಲ. ಬಳೆಯ ಅಳತೆ 2.2, 2.4, 2.6, 2.8 ಎಂದು ಏರಿ 2.10ಕ್ಕೆ ಹೋಗುತ್ತದೆ. "2.10 ಅಂದರೆ 2.8ಕ್ಕಿಂತ ಸಣ್ಣದಮ್ಮಾ" ಎಂದು ಅವನ ವಾದ. ಚುಕ್ಕಿಯ ಆಚೆಗಿನದ್ದು ಅಂಗುಲದ ಹದಿನಾರನೇ ಭಾಗ, 2.4 ಎಂದರೆ ಎರಡೂಕಾಲು ಅಂಗುಲ ಎಂದು ಅಕ್ಕ ಬಿಡಿಸಿ ಹೇಳಿದರು. ಒಪ್ಪಲಿಲ್ಲ. ಕೊನೆಗೆ ಅವನ ಕೈಗೇ 2.8 ತೂರಿಸಿ, "ಈಗ ನಿನ್ನ ಗಣಿತದಲ್ಲಿ ತೆಗಿ" ಎಂದರು. ಸೋಪುನೀರು ಬೇಕಾಯಿತು.

ಸ್ವ ಉದ್ಯೋಗದ ತರಬೇತಿಗೆ ಉಜಿರೆಯಲ್ಲಿ 1982ರಿಂದ ರುಡ್‌ಸೆಟ್ ಇದೆ, ಊಟ ವಸತಿ ಉಚಿತ, ಹೋಗಿ ಕಲಿತು ಅಂಗಡಿ ಇಡು ಎಂದು ಯಜಮಾನರು ಹೇಳಿ ಹೇಳಿ ಸೋತರು. ಅಕ್ಕನಿಗೆ ಅಂಗಡಿ ಬೇಡ, ಕಿವಿ ಬೇಕು. ಮಗಳ ಒತ್ತಾಯಕ್ಕೆ ಒಮ್ಮೆ ಮಹಾಲಿಂಗೇಶ್ವರನ ಏಪ್ರಿಲಿನ ಜಾತ್ರೆಯಲ್ಲಿ ದೇವರಮಾರು ಗದ್ದೆಯ ಬದಿಯಲ್ಲಿ ಮೇಜು ಹಾಕಿದರು. ಅಡಿಕೆ ಹಾಳೆಯ ಓಲೆಗೆ ನೂರು ರೂಪಾಯಿ. ಬಂದ ಹೆಂಗಸೊಬ್ಬರು, "ನಮ್ಮ ತೋಟದಲ್ಲಿ ಹಾಳೆ ಬಿದ್ದು ಕೊಳೀತಾ ಉಂಟು, ನೀವು ನೂರು ಹೇಳ್ತೀರಲ್ಲ" ಎಂದರು. "ಬಿದ್ದದ್ದನ್ನು ಕಿವಿಗೆ ಹಾಕಿ ಬನ್ನಿ, ನೋಡುವ" ಎಂದರು ಅಕ್ಕ. ಜಗಳವಾಗಬೇಕಿತ್ತು. ಆದರೆ ಆ ಹೆಂಗಸಿನ ಕಿವಿ ಚಂದ ಇತ್ತು. ಅಕ್ಕ ಪುಕ್ಕಟೆ ಕೊಟ್ಟು ಕಳುಹಿಸಿದರು. 17ರ ಬ್ರಹ್ಮರಥ ಎಳೆಯುವ ಹೊತ್ತಿಗೆ ಮೇಜಿನ ಮೇಲೆ ಏನೂ ಉಳಿದಿರಲಿಲ್ಲ, ಡಬ್ಬಿಯಲ್ಲಿ ದುಡ್ಡೂ ಇರಲಿಲ್ಲ. ಬಂದಷ್ಟನ್ನು ಪಕ್ಕದ ಫ್ಯಾನ್ಸಿ ಅಂಗಡಿಯ ಮಣಿಗೆ ಸುರಿದಿದ್ದರು.

ಹೀಗೆ ಪುಕ್ಕಟೆ ಬಂದದ್ದು ಊರವರಿಗೆ ದುಬಾರಿಯಾದದ್ದೂ ಇದೆ. ಅಕ್ಕ ಕೊಟ್ಟ ಓಲೆ ಹಾಕದೆ ಅಕ್ಕನ ಕಣ್ಣಿಗೆ ಬಿದ್ದರೆ, "ಹಾಳಾಯ್ತಾ? ಇನ್ನೊಂದು ಕೊಡ್ತೇನೆ" ಎನ್ನುತ್ತಾರೆ, ಸಿಟ್ಟಿಲ್ಲ, ಅದೇ ಹೆದರಿಕೆ. ಆದ್ದರಿಂದ ಅವರ ಮನೆಯ ತಿರುವಿನಲ್ಲಿ ಬಸ್ಸಿಳಿದ ಹೆಂಗಸರು ಕೊಡೆ ಬಿಡಿಸುವ ಮೊದಲು ಕಿವಿಯ ಚಿನ್ನ ಬಿಚ್ಚಿ ಪರ್ಸಿಗೆ ಹಾಕಿ, ಪರ್ಸಿನ ಕಾಗದ ತೆಗೆದು ಕಿವಿಗೆ ಹಾಕುತ್ತಾರೆ. ಚಿನ್ನಕ್ಕೆ ಬೆಲೆ ಏರಿದ ಈ ಕಾಲದಲ್ಲಿ ಕಳ್ಳರಿಗೆ ಹೆದರದೆ ನಡೆಯಬಹುದಾದ ರಸ್ತೆ ಎಂದರೆ ನಮ್ಮಲ್ಲಿ ಅದೊಂದೇ.

ಇದನ್ನೆಲ್ಲ ಕಂಡು ತಮಾಷೆ ಮಾಡುತ್ತಿದ್ದವರು ಅಕ್ಕನ ಮಾವ. ಅವರು ಅಡಿಕೆಯ ಮನುಷ್ಯ. ಒಂದು ದಿನ ಅಕ್ಕ ಚಾಲಿ ಅಡಿಕೆಯನ್ನು ಅಡ್ಡಕ್ಕೆ ತೆಳ್ಳಗೆ ಸೀಳಿ, ಉಪ್ಪುಕಾಗದದಲ್ಲಿ ಉಜ್ಜಿ ಅವರ ಮುಂದೆ ಇಟ್ಟರು. ಬಿಳಿಯ ಮೇಲೆ ಕಂದು ಗೆರೆ, ಒಂದರಂತೆ ಇನ್ನೊಂದಿಲ್ಲ. ಅರುವತ್ತು ವರ್ಷ ಅಡಿಕೆ ಸುಲಿದ ಮನುಷ್ಯ ಅದನ್ನು ತಿರುಗಿಸಿ ನೋಡಿ, ಕನ್ನಡಕ ತರಿಸಿ ಮತ್ತೆ ನೋಡಿದರು. "ಕಿಲೋಗೆ ನಾನ್ನೂರರ ಮೇಲೆ ಉಂಟು" ಎಂದು ಗೊಣಗಿದ್ದು ಬಿಟ್ಟರೆ ಬೇರೇನೂ ಹೇಳಲಿಲ್ಲ.

ಕಳೆದ ಸಲ ಅಡಿಕೆ ವ್ಯಾಪಾರಿ ತಕ್ಕಡಿ ಹಿಡಿದು ಬಂದಾಗ ಜಗಲಿಯಲ್ಲಿ ಪಟೋರ, ಉಳ್ಳಿ, ಕರಿಗೋಟು ಬೇರೆ ಬೇರೆ ರಾಶಿ ಇತ್ತು. ಮೂಲೆಯಲ್ಲಿ ಗೆರಸೆಯ ಮೇಲೆ ಒಂದೇ ಗಾತ್ರದ, ಉರುಟು ಉರುಟಾದ ಒಳ್ಳೇ ಅಡಿಕೆ ಸ್ವಲ್ಪ. ವ್ಯಾಪಾರಿ ಅದಕ್ಕೆ ಕೈ ಹಾಕಿದ.

"ಅದು ತೂಗ್ಲಿಕ್ಕೆ ಅಲ್ಲ" ಎಂದರು ಮಾವ.

"ಮತ್ತೆ ಎಂಥದ್ದಕ್ಕೆ ಅಣ್ಣೇರೆ?"

"ಓಲೆಗೆ."

ವ್ಯಾಪಾರಿ ತಕ್ಕಡಿ ಕೆಳಗಿಟ್ಟು ಸ್ವಲ್ಪ ಹೊತ್ತು ನೋಡಿದ. ಆಮೇಲೆ ದರದ ಮಾತು ಎತ್ತುವ ಮೊದಲು, ತನ್ನ ಮಗಳಿಗೆ ನೇತಾಡುವಂಥದ್ದು ಒಂದು ಜೊತೆ ಸಿಗಬಹುದಾ ಎಂದು ಕೇಳಿದ. ಒಳಗಿನಿಂದ ಅಕ್ಕನ ಸ್ವರ ಬಂತು: "ಕಿವಿ ಸಣ್ಣದಾ, ದೊಡ್ಡದಾ?"